ಕೆಜಿಎಫ್ ಆಳದಲ್ಲಿ ಸಿಕ್ಕಿದ್ದು ಚಿನ್ನ ಮಾತ್ರವಲ್ಲ: ನ್ಯೂಟ್ರಿನೊ ಎಂದರೇನು, ಅದನ್ನು ಹಿಡಿಯುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಅಂಧೇರಿ (ಮುಂಬೈ): ಕೆಜಿಎಫ್ ಎಂದ ಕೂಡಲೇ ಇಂದಿನ ತಲೆಮಾರಿಗೆ ಮೊದಲು ನೆನಪಾಗುವುದು ಸಿನಿಮಾ. ಹಿರಿಯರಿಗೆ ಚಿನ್ನ. ಆದರೆ ಜಗತ್ತಿನ ಭೌತವಿಜ್ಞಾನಿಗಳಿಗೆ ಕೋಲಾರ ಚಿನ್ನದ ಗಣಿ ನೆನಪಾಗುವುದು ಬೇರೆಯೇ ಕಾರಣಕ್ಕೆ. 1965ರಲ್ಲಿ ಈ ಗಣಿಯೊಳಗೆ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ವಿಜ್ಞಾನಿಗಳು ಪತ್ತೆ ಹಚ್ಚಿದರು. ಆ ಪ್ರಯೋಗದ ಸಾರಥ್ಯ ವಹಿಸಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್).

ಅದೇ ಕ್ಷೇತ್ರದ ಮುಂದಿನ ಪ್ರಯೋಗಗಳು ಜಪಾನ್, ಕೆನಡಾ ಮತ್ತು ಅಮೆರಿಕಕ್ಕೆ ನೊಬೆಲ್ ತಂದುಕೊಟ್ಟವು. ಚೀನಾ 2025ರಲ್ಲಿ ತನ್ನ ಬೃಹತ್ ನ್ಯೂಟ್ರಿನೊ ಪ್ರಯೋಗಾಲಯವನ್ನು ಆರಂಭಿಸಿದೆ. ಭಾರತದ ಯೋಜನೆ ಮಾತ್ರ ಕೋರ್ಟು, ಕಚೇರಿಗಳ ಕಡತದಲ್ಲೇ ಉಳಿದಿದೆ. ಹಾಗಾದರೆ ಏನಿದು ನ್ಯೂಟ್ರಿನೊ? ಅದನ್ನು ಹಿಡಿಯಲು ಗಣಿಯೊಳಗೆ ಏಕೆ ಇಳಿಯಬೇಕು? ಕೋಲಾರದಲ್ಲಿ ಆಗಿದ್ದೇನು? ಒಂದೊಂದಾಗಿ ನೋಡೋಣ.

ನ್ಯೂಟ್ರಿನೊ ಎಂದರೇನು?

ಇದೊಂದು ಮೂಲಕಣ. ಎಲೆಕ್ಟ್ರಾನ್‌ನಂತೆ ಇದನ್ನೂ ಇನ್ನಷ್ಟು ಒಡೆಯಲು ಬರುವುದಿಲ್ಲ. ಆದರೆ ಇದಕ್ಕೆ ವಿದ್ಯುದಂಶವಿಲ್ಲ. ತೂಕವೂ ಇಲ್ಲವೆನ್ನುವಷ್ಟು ಕಡಿಮೆ. ಎಲೆಕ್ಟ್ರಾನ್‌ಗೆ ಹೋಲಿಸಿದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಹಗುರ. ಹೆಸರು ಇಟಾಲಿಯನ್ ಮೂಲದ್ದು, 'ಪುಟ್ಟ ತಟಸ್ಥ ಕಣ' ಎಂಬ ಅರ್ಥ ಅದಕ್ಕೆ.

ನ್ಯೂಟ್ರಿನೊಗಳು ಎಲ್ಲಿಂದ ಬರುತ್ತವೆ? ಸೂರ್ಯನ ಒಡಲಿನಿಂದ, ಸ್ಫೋಟಗೊಳ್ಳುವ ನಕ್ಷತ್ರಗಳಿಂದ, ಪರಮಾಣು ರಿಯಾಕ್ಟರ್‌ಗಳಿಂದ, ಭೂಮಿಯ ಒಳಗಿನ ವಿಕಿರಣಶೀಲ ಧಾತುಗಳಿಂದ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗಲೂ ಹುಟ್ಟುತ್ತವೆ. ನಮ್ಮ ದೇಹದಲ್ಲಿರುವ ಪೊಟ್ಯಾಸಿಯಂ ಕೂಡ ಪ್ರತಿ ಸೆಕೆಂಡಿಗೆ ಸಾವಿರಾರು ನ್ಯೂಟ್ರಿನೊಗಳನ್ನು ಹೊರಬಿಡುತ್ತದೆ.

ಸೂರ್ಯನಿಂದ ಬರುವ ನ್ಯೂಟ್ರಿನೊಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರ್ ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಹಾದುಹೋಗುತ್ತವೆ. ಅಂಧೇರಿ ಸ್ಟೇಷನ್‌ನಲ್ಲಿ ಚರ್ಚ್‌ಗೇಟ್ ಲೋಕಲ್‌ಗಾಗಿ ಕಾಯುತ್ತಾ ನಿಂತಿರುವವರ ಹೆಬ್ಬೆರಳ ಉಗುರಿನ ಮೂಲಕವೂ ಅಷ್ಟೇ. ರಾತ್ರಿ ಹೊತ್ತಿನಲ್ಲೂ ಈ ಸಂಖ್ಯೆ ಕಡಿಮೆಯಾಗುವುದಿಲ್ಲ. ಏಕೆಂದರೆ ಆಗ ಅವು ಇಡೀ ಭೂಮಿಯನ್ನು ತೂರಿಕೊಂಡು ನಮ್ಮ ಕಾಲಡಿಯಿಂದ ಮೇಲಕ್ಕೆ ಬರುತ್ತವೆ.

ಇಷ್ಟೊಂದು ಬಂದರೂ ನಮಗೆ ಏನೂ ಆಗುವುದಿಲ್ಲ. ಕಾರಣ, ನ್ಯೂಟ್ರಿನೊ ಬೇರೆ ವಸ್ತುವಿನೊಂದಿಗೆ ವ್ಯವಹರಿಸುವುದೇ ಅಪರೂಪ. ವಿಜ್ಞಾನಿಗಳ ತಲೆನೋವೂ ಇದೇ. ಯಾವುದಕ್ಕೂ ಬಡಿಯದ ಕಣವನ್ನು ಹಿಡಿಯುವುದು ಹೇಗೆ?

ಊಹೆ 1930ರಲ್ಲಿ, ಪತ್ತೆ 1956ರಲ್ಲಿ

ನ್ಯೂಟ್ರಿನೊ ಮೊದಲು ಕಾಣಿಸಿಕೊಂಡಿದ್ದು ಒಂದು ಪತ್ರದಲ್ಲಿ. ಕೆಲವು ವಿಕಿರಣಶೀಲ ಪರಮಾಣುಗಳು ಎಲೆಕ್ಟ್ರಾನ್ ಹೊರಹಾಕುವಾಗ ಶಕ್ತಿಯ ಲೆಕ್ಕ ಸರಿಹೋಗುತ್ತಿರಲಿಲ್ಲ. ಸ್ವಲ್ಪ ಶಕ್ತಿ ಎಲ್ಲೋ ಕಾಣೆಯಾಗುತ್ತಿತ್ತು. ಕಣ್ಣಿಗೆ ಬೀಳದ ಇನ್ನೊಂದು ಕಣ ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದು ಎಂದು ವುಲ್ಫ್‌ಗ್ಯಾಂಗ್ ಪೌಲಿ 1930ರ ಡಿಸೆಂಬರ್ 4ರಂದು ಸಹೋದ್ಯೋಗಿಗಳಿಗೆ ಬರೆದರು. 1934ರಲ್ಲಿ ಎನ್ರಿಕೊ ಫರ್ಮಿ ಈ ಊಹೆಗೆ ಪೂರ್ಣ ಸಿದ್ಧಾಂತದ ರೂಪ ಕೊಟ್ಟರು.

ಕಣ ನಿಜವಾಗಿ ಸಿಕ್ಕಿದ್ದು 1956ರಲ್ಲಿ. ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕದಲ್ಲಿ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಡಿಟೆಕ್ಟರ್ ಇಟ್ಟು ಅದನ್ನು ಗುರುತಿಸಿದರು. ಇದಕ್ಕಾಗಿ ರೈನ್ಸ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ಕೋವನ್ 1974ರಲ್ಲೇ ತೀರಿಕೊಂಡಿದ್ದರು.

ನ್ಯೂಟ್ರಿನೊಗಳಲ್ಲಿ ಮೂರು ಬಗೆ ಇವೆ. ರಿಯಾಕ್ಟರ್‌ನಲ್ಲಿ ಸಿಕ್ಕಿದ್ದು ಎಲೆಕ್ಟ್ರಾನ್ ಬಗೆಯದ್ದು. 1962ರಲ್ಲಿ ಮ್ಯೂಯಾನ್ ನ್ಯೂಟ್ರಿನೊ, 2000ದಲ್ಲಿ ಟೌ ನ್ಯೂಟ್ರಿನೊ ಪತ್ತೆಯಾದವು.

ಗಣಿಯೊಳಗೇ ಏಕೆ ಇಳಿಯಬೇಕು?

ನಿಮ್ಮ ಅಂಗೈಯನ್ನು ಆಕಾಶದತ್ತ ಚಾಚಿ. ಪ್ರತಿ ಸೆಕೆಂಡಿಗೆ ಒಂದೆರಡು ಮ್ಯೂಯಾನ್ ಕಣಗಳು ಅದರ ಮೂಲಕ ಹಾದುಹೋಗುತ್ತವೆ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಈ ಕಣಗಳಿಗೆ ವಿದ್ಯುದಂಶ ಇರುವುದರಿಂದ ಡಿಟೆಕ್ಟರ್‌ನಲ್ಲಿ ಸುಲಭವಾಗಿ ದಾಖಲಾಗುತ್ತವೆ. ನೆಲದ ಮೇಲೆ ನ್ಯೂಟ್ರಿನೊ ಹುಡುಕಲು ಹೊರಟರೆ ಈ ಮ್ಯೂಯಾನ್‌ಗಳ ಗದ್ದಲದಲ್ಲಿ ಅದು ಕಳೆದೇ ಹೋಗುತ್ತದೆ. ದಾದರ್ ಸ್ಟೇಷನ್‌ನ ಸಂಜೆಯ ನೂಕುನುಗ್ಗಲಿನಲ್ಲಿ ಪಿಸುಮಾತು ಕೇಳಿಸಿಕೊಳ್ಳಲು ಹೊರಟಂತೆ.

ಪರಿಹಾರ ಸರಳ. ತಲೆಯ ಮೇಲೆ ದಪ್ಪ ಬಂಡೆ ಇರಬೇಕು. ಬಂಡೆಯಲ್ಲಿ ಸಾಗುತ್ತಾ ಮ್ಯೂಯಾನ್‌ಗಳು ಶಕ್ತಿ ಕಳೆದುಕೊಂಡು ನಿಂತುಬಿಡುತ್ತವೆ. ಒಂದು ಕಿಲೋಮೀಟರ್ ಬಂಡೆಯ ಕೆಳಗೆ ಅವುಗಳ ಸಂಖ್ಯೆ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕೇ ಇಲ್ಲ. ಅದು ನೇರವಾಗಿ ಬರುತ್ತದೆ. ಆದ್ದರಿಂದಲೇ ಜಗತ್ತಿನ ಬಹುತೇಕ ದೊಡ್ಡ ನ್ಯೂಟ್ರಿನೊ ಪ್ರಯೋಗಾಲಯಗಳು ಗಣಿ, ಸುರಂಗ, ಸಮುದ್ರದಾಳ ಅಥವಾ ಹಿಮದಡಿಯಲ್ಲಿವೆ.

ಇನ್ನೊಂದು ಮುಖ್ಯ ಸಂಗತಿ. ಡಿಟೆಕ್ಟರ್ ನ್ಯೂಟ್ರಿನೊವನ್ನು ನೇರವಾಗಿ ಕಾಣುವುದಿಲ್ಲ. ಕೋಟ್ಯಂತರ ನ್ಯೂಟ್ರಿನೊಗಳಲ್ಲಿ ಎಲ್ಲೋ ಒಂದು ಬಂಡೆಯ ಪರಮಾಣುವಿಗೆ ಬಡಿದಾಗ ಮ್ಯೂಯಾನ್‌ನಂಥ ಕಣವೊಂದು ಹುಟ್ಟುತ್ತದೆ. ಕಾಣುವುದು ಆ ಕಣದ ಜಾಡು. ಹೊಲದಲ್ಲಿ ಹೆಜ್ಜೆ ಗುರುತು ನೋಡಿ ರಾತ್ರಿ ಬಂದ ಪ್ರಾಣಿ ಯಾವುದೆಂದು ಹೇಳುವ ಹಾಗೆ.

ಬೆಂಗಳೂರು, ಮುಂಬೈ, ಕೋಲಾರ: ನಂಟು ಬೆಳೆದಿದ್ದು ಹೇಗೆ?

ಹೋಮಿ ಭಾಭಾ ಭಾರತದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಶುರು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಟಿಐಎಫ್‌ಆರ್ ಕೂಡ 1945ರಲ್ಲಿ ಅಲ್ಲೇ ಹುಟ್ಟಿ, ಅದೇ ವರ್ಷ ಮುಂಬೈಗೆ ಸ್ಥಳಾಂತರಗೊಂಡಿತು. ಕೊಲಾಬಾದ ಕಡಲ ತೀರದಲ್ಲಿರುವ ಈಗಿನ ಕಟ್ಟಡ 1962ರಲ್ಲಿ ಉದ್ಘಾಟನೆಯಾಯಿತು.

ಕಾಸ್ಮಿಕ್ ಕಿರಣಗಳನ್ನು ಆಳದಲ್ಲಿ ಅಳೆಯಲು ಭಾಭಾ ತಂಡಕ್ಕೆ ಜಾಗ ಬೇಕಿತ್ತು. ಕೋಲಾರದ ಗಣಿಗಳು ಆಗ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿದ್ದವು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದಿತ್ತು. ಒಂದೇ ಶಾಫ್ಟ್‌ನಲ್ಲಿ ಬೇರೆ ಬೇರೆ ಆಳದಲ್ಲಿ ಉಪಕರಣ ಇಟ್ಟು ಅಳತೆ ಮಾಡಬಹುದಿತ್ತು.

1950ರ ದಶಕದ ಆರಂಭದಲ್ಲಿ ಉಪಕರಣಗಳೊಂದಿಗೆ ಗಣಿಗೆ ಇಳಿದವರು ಬಿ.ವಿ. ಶ್ರೀಕಂಠನ್. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಇವರು 1948ರಲ್ಲಿ ಟಿಐಎಫ್‌ಆರ್ ಸೇರಿದ್ದರು. ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾದರು. 1988ರಲ್ಲಿ ಪದ್ಮಭೂಷಣ ಪಡೆದರು. 2019ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮುಂಬೈನ ಈ ಹೆಸರಾಂತ ಸಂಸ್ಥೆಯನ್ನು 12 ವರ್ಷ ಮುನ್ನಡೆಸಿದವರು ನಮ್ಮ ಕನ್ನಡ ನಾಡಿನವರು ಎಂಬುದು ಮುಂಬೈ ಕನ್ನಡಿಗರಲ್ಲೂ ಅನೇಕರಿಗೆ ಗೊತ್ತಿಲ್ಲ.

1960ರ ಆಸುಪಾಸಿನಲ್ಲಿ ಎಸ್. ಮಿಯಾಕೆ, ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಇನ್ನೂ ಆಳಕ್ಕೆ ಹೋದರು. ಕೆಳಗೆ ಹೋದಂತೆ ಮ್ಯೂಯಾನ್‌ಗಳು ಕಡಿಮೆಯಾಗುತ್ತಾ ಬಂದವು. ಕೊನೆಯ, ಅತ್ಯಂತ ಆಳದ ಮಟ್ಟದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ.

ಬೇರೆ ಪ್ರಯೋಗದಲ್ಲಾಗಿದ್ದರೆ ಇದು ನಿರಾಶೆಯ ಫಲಿತಾಂಶ. ಇಲ್ಲಿ ಅದೇ ದಾರಿ ತೋರಿಸಿತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಕಾಣಿಸಿಕೊಂಡರೆ ಅದು ನ್ಯೂಟ್ರಿನೊದಿಂದ ಹುಟ್ಟಿದ್ದೇ ಆಗಿರಬೇಕು. ವಾತಾವರಣದ ನ್ಯೂಟ್ರಿನೊಗಳನ್ನು ನೆಲದಾಳದಲ್ಲಿ ಹುಡುಕಬಹುದು ಎಂದು ಸೋವಿಯತ್ ಒಕ್ಕೂಟದ ಮೊಯ್ಸೆ ಮಾರ್ಕೊವ್ ಮತ್ತು ಅಮೆರಿಕದ ಕೆನೆತ್ ಗ್ರೈಸನ್ ಆಗಷ್ಟೇ ಸೂಚಿಸಿದ್ದರು. ಅದಕ್ಕೆ ತಕ್ಕ ಜಾಗ ಕೋಲಾರದಲ್ಲಿ ಸಿದ್ಧವಾಗಿತ್ತು.

1965: ಚಾಂಪಿಯನ್ ರೀಫ್‌ನ ಆಳದಲ್ಲಿ

ಟಿಐಎಫ್‌ಆರ್ ಜೊತೆಗೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ ಕೈಜೋಡಿಸಿದವು. ತಂಡದ ಪ್ರಮುಖರಲ್ಲಿ ಎಂ.ಜಿ.ಕೆ. ಮೆನನ್ ಒಬ್ಬರು. ಇವರು ಹುಟ್ಟಿದ್ದು ಮಂಗಳೂರಿನಲ್ಲಿ. 1966ರ ಜನವರಿಯಲ್ಲಿ ಭಾಭಾ ವಿಮಾನ ದುರಂತದಲ್ಲಿ ಮೃತಪಟ್ಟ ಬಳಿಕ ಟಿಐಎಫ್‌ಆರ್ ನಿರ್ದೇಶಕರಾದವರೂ ಇವರೇ. ಡರ್ಹಮ್ ಕಡೆಯಿಂದ ಬಂದ ಆರ್ನಾಲ್ಡ್ ವುಲ್ಫೆಂಡೇಲ್ ಮುಂದೆ ಬ್ರಿಟನ್ನಿನ ರಾಜಖಗೋಳಜ್ಞರಾದರು.

ಹೀತ್‌ಕೋಟ್ ಶಾಫ್ಟ್ ಮೂಲಕ ಇಳಿದು, 2.3 ಕಿಲೋಮೀಟರ್ ಆಳದಲ್ಲಿ ಡಿಟೆಕ್ಟರ್‌ಗಳನ್ನು ಜೋಡಿಸಲಾಯಿತು. ಸಾಧನ ಕೆಲಸ ಮಾಡುತ್ತಿದ್ದುದು ಹೀಗೆ:

• ಎರಡು ಬದಿಗಳಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳು. ವಿದ್ಯುದಂಶವುಳ್ಳ ಕಣ ಹಾದುಹೋದರೆ ಇವು ಕ್ಷಣಮಾತ್ರ ಮಿನುಗುತ್ತವೆ.

• ಆ ಮಿನುಗನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಫೋಟೊಮಲ್ಟಿಪ್ಲಯರ್ ಟ್ಯೂಬ್‌ಗಳು. ಎರಡೂ ಗೋಡೆಗಳಲ್ಲಿ ಏಕಕಾಲಕ್ಕೆ ಸಂಕೇತ ಬಂದರೆ ಮಾತ್ರ ಲೆಕ್ಕಕ್ಕೆ.

• ನಡುವೆ ಸೀಸದ ಪದರಗಳ ಜೊತೆ ಸಾಲುಸಾಲಾಗಿ ನಿಯಾನ್ ಫ್ಲ್ಯಾಶ್ ಟ್ಯೂಬ್‌ಗಳು. ಕಣ ಸಾಗಿದ ದಾರಿಯಲ್ಲಿರುವ ಟ್ಯೂಬ್‌ಗಳು ಬೆಳಗುತ್ತವೆ, ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ.

ಗೋಡೆಗಳನ್ನು ಲಂಬವಾಗಿ ನಿಲ್ಲಿಸಿದ್ದರಲ್ಲೇ ಪ್ರಯೋಗದ ಜಾಣ್ಮೆ ಇತ್ತು. ಅಷ್ಟು ಆಳಕ್ಕೆ ಅಪರೂಪಕ್ಕೆ ತಲುಪುವ ಸಾಮಾನ್ಯ ಮ್ಯೂಯಾನ್ ಹೆಚ್ಚುಕಡಿಮೆ ನೇರವಾಗಿ ಮೇಲಿನಿಂದಲೇ ಬರಬೇಕು. ಅಡ್ಡಲಾಗಿ ಬರಬೇಕೆಂದರೆ ಅದು ಇನ್ನೂ ಹತ್ತಾರು ಕಿಲೋಮೀಟರ್ ಬಂಡೆಯನ್ನು ದಾಟಬೇಕು, ಅದು ಅಸಾಧ್ಯ. ನ್ಯೂಟ್ರಿನೊಗೆ ಆ ಅಡ್ಡಿ ಇಲ್ಲ. ಹೀಗಾಗಿ ಅಡ್ಡಲಾಗಿ ಸಾಗಿದ ಕಣದ ಜಾಡು ಕಂಡರೆ, ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಅದು ಹುಟ್ಟಿದೆ ಎಂದೇ ಅರ್ಥ.

ಕೆಲಸ ಸುಲಭದ್ದಾಗಿರಲಿಲ್ಲ. ಗಣಿಯ ಅತಿ ಆಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿಯುವುದು ಕೋಲಾರದ ಗಣಿ ಕಾರ್ಮಿಕರಿಗೆ ದಿನನಿತ್ಯದ ಭಯ. ತಲೆಮಾರುಗಳ ಕಾಲ ಅವರು ಜೀವ ಪಣಕ್ಕಿಟ್ಟು ಕೊರೆದ ದಾರಿಗಳೇ ಇಲ್ಲದಿದ್ದರೆ ವಿಜ್ಞಾನಿಗಳು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಕಾದರೆ ಸಿಗುತ್ತಿದ್ದುದು ಬೆರಳೆಣಿಕೆಯ ಜಾಡುಗಳು. ಆದರೆ ಅಷ್ಟೇ ಸಾಕಾಗಿತ್ತು.

ಮೊದಲಿಗರು ಯಾರು? ಕೋಲಾರವೋ, ದಕ್ಷಿಣ ಆಫ್ರಿಕಾವೋ?

ಸಾಮಾಜಿಕ ಜಾಲತಾಣಗಳಲ್ಲಿ ಈ ಬಗ್ಗೆ ಆಗಾಗ ಚರ್ಚೆ ನಡೆಯುತ್ತದೆ. ವಾಸ್ತವ ಇದು. ಅದೇ ವರ್ಷ, ಅದೇ ಗುರಿಯೊಂದಿಗೆ ಇನ್ನೊಂದು ತಂಡ ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿತ್ತು. ಜೊಹಾನ್ಸ್‌ಬರ್ಗ್ ಬಳಿಯ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, 3.2 ಕಿಲೋಮೀಟರ್ ಆಳದಲ್ಲಿ. ಅದರ ಮುಂದಾಳು 1956ರಲ್ಲಿ ನ್ಯೂಟ್ರಿನೊ ಪತ್ತೆ ಮಾಡಿದ್ದ ಅದೇ ಫ್ರೆಡರಿಕ್ ರೈನ್ಸ್.

ಆ ತಂಡಕ್ಕೆ ಮೊದಲ ಜಾಡು ಸಿಕ್ಕಿದ್ದು 1965ರ ಫೆಬ್ರವರಿ 23ರಂದು. ಕೋಲಾರದ್ದು ಅದಾದ ಮೇಲೆ. ಆದರೆ ಫಲಿತಾಂಶ ಮೊದಲು ಪ್ರಕಟವಾಗಿದ್ದು ಕೋಲಾರದ್ದು. 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ ಕೋಲಾರದ ಲೇಖನ ಬಂದರೆ, ರೈನ್ಸ್ ತಂಡದ್ದು 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಆಗಸ್ಟ್ 30ರಂದು ಬಂತು.

ಹಾಗಾಗಿ 'ಜಗತ್ತಿನಲ್ಲೇ ಮೊದಲು ನ್ಯೂಟ್ರಿನೊ ಕಂಡುಹಿಡಿದದ್ದು ಕೋಲಾರದಲ್ಲಿ' ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ. ವಾತಾವರಣದ ನ್ಯೂಟ್ರಿನೊಗಳನ್ನು ಮೊದಲು ಪತ್ತೆ ಮಾಡಿದ ಎರಡು ಪ್ರಯೋಗಗಳಲ್ಲಿ ಕೋಲಾರದ್ದು ಒಂದು, ಮೊದಲು ಪ್ರಕಟವಾಗಿದ್ದೂ ಅದೇ ಎಂಬುದು ಸರಿಯಾದ ಮಾತು. ಹೆಮ್ಮೆಪಡಲು ಅಷ್ಟು ಧಾರಾಳ ಸಾಕು.

ಪ್ರೋಟಾನ್ ಹುಡುಕಾಟ, ಆಮೇಲೆ ಕತ್ತಲು

ಕೋಲಾರದ ಕಥೆ 1965ಕ್ಕೇ ಮುಗಿಯಲಿಲ್ಲ. 1970ರ ದಶಕದಲ್ಲಿ ಹೊಸ ಸಿದ್ಧಾಂತಗಳು ಬಂದವು. ಶಾಶ್ವತ ಎಂದುಕೊಂಡಿದ್ದ ಪ್ರೋಟಾನ್ ಕೂಡ ಯಾವಾಗಲೋ ಒಮ್ಮೆ ಒಡೆಯಬಹುದು ಎಂದು ಅವು ಹೇಳಿದವು. ಇದನ್ನು ಪರೀಕ್ಷಿಸಲು 1980ರಲ್ಲಿ ಅದೇ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಡಿಟೆಕ್ಟರ್ ಕೆಲಸ ಆರಂಭಿಸಿತು. ಪ್ರೋಟಾನ್ ಕ್ಷಯಕ್ಕೆಂದೇ ಕಟ್ಟಿದ ಜಗತ್ತಿನ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. 1985ರಲ್ಲಿ 2 ಕಿಲೋಮೀಟರ್ ಆಳದಲ್ಲಿ 260 ಟನ್‌ನ ಎರಡನೇ ಡಿಟೆಕ್ಟರ್ ಬಂತು.

ಪ್ರೋಟಾನ್ ಒಡೆದಿರಬಹುದು ಎನ್ನಿಸುವ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು. ಆದರೆ ಜಪಾನ್, ಅಮೆರಿಕದ ಇನ್ನೂ ದೊಡ್ಡ ಡಿಟೆಕ್ಟರ್‌ಗಳಿಗೆ ಅಂಥದ್ದು ಕಾಣಲಿಲ್ಲ. ಇಂದಿಗೂ ಎಲ್ಲಿಯೂ ಪ್ರೋಟಾನ್ ಕ್ಷಯ ಖಚಿತವಾಗಿಲ್ಲ.

ಇತ್ತ ಗಣಿಯಲ್ಲಿ ಚಿನ್ನ ತೆಗೆಯುವ ಖರ್ಚು ಏರುತ್ತಲೇ ಹೋಯಿತು. ಆಳದ ಮಟ್ಟಗಳು ಒಂದೊಂದಾಗಿ ಮುಚ್ಚಿದವು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪ್‌ಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಸಾವಿರಾರು ಕುಟುಂಬಗಳು ಕೆಲಸ ಕಳೆದುಕೊಂಡವು. ಇಂದು ಊರಿನ ಹೊರಗೆ ಕಾಣುವುದು ಸಯನೈಡ್ ಗುಡ್ಡಗಳು ಮತ್ತು ದಿನಾ ಬೆಳಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ಜನರಿಂದ ಕಿಕ್ಕಿರಿದ ರೈಲುಗಳು.

ಅಷ್ಟರಲ್ಲಿ ಜಗತ್ತಿನಲ್ಲಿ ಏನಾಯಿತು?

ಕೋಲಾರ ನಿಂತ ಜಾಗದಿಂದ ಬೇರೆಯವರು ಮುಂದೆ ಹೋದರು. ವಿಶೇಷವೆಂದರೆ, ಅವರಲ್ಲಿ ಹಲವರು ಆರಿಸಿಕೊಂಡಿದ್ದು ಗಣಿಗಳನ್ನೇ.

ಹೋಮ್‌ಸ್ಟೇಕ್, ಅಮೆರಿಕ: ಇದೂ ಚಿನ್ನದ ಗಣಿ. 1960ರ ದಶಕದ ಕೊನೆಯಿಂದ ರೇ ಡೇವಿಸ್ ಇಲ್ಲಿ ಸೂರ್ಯನ ನ್ಯೂಟ್ರಿನೊಗಳನ್ನು ಎಣಿಸಿದರು. ಬಳಸಿದ್ದು ಡ್ರೈಕ್ಲೀನಿಂಗ್‌ನಲ್ಲಿ ಉಪಯೋಗಿಸುವ ದ್ರವ, ಸುಮಾರು 3.8 ಲಕ್ಷ ಲೀಟರ್. ಲೆಕ್ಕದ ಪ್ರಕಾರ ಸಿಗಬೇಕಾಗಿದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಸಿಕ್ಕಿತು. ಉಳಿದವು ಎಲ್ಲಿ ಹೋದವು ಎಂಬ ಪ್ರಶ್ನೆ 30 ವರ್ಷ ಕಾಡಿತು.

ಕಾಮಿಯೊಕಾಂಡೆ, ಜಪಾನ್: ಇದನ್ನೂ ಕೋಲಾರದಂತೆ ಪ್ರೋಟಾನ್ ಕ್ಷಯಕ್ಕಾಗಿಯೇ ಕಟ್ಟಿದ್ದು. ಆದರೆ 1987ರ ಫೆಬ್ರವರಿ 23ರಂದು ಪಕ್ಕದ ನಕ್ಷತ್ರಪುಂಜದಲ್ಲಿ ಸ್ಫೋಟಗೊಂಡ ನಕ್ಷತ್ರದ ನ್ಯೂಟ್ರಿನೊಗಳು ಇದಕ್ಕೆ ಸಿಕ್ಕವು. ಜಗತ್ತಿನ ಮೂರು ಡಿಟೆಕ್ಟರ್‌ಗಳಲ್ಲಿ ಒಟ್ಟು ಸುಮಾರು ಎರಡು ಡಜನ್ ನ್ಯೂಟ್ರಿನೊಗಳು ದಾಖಲಾದವು. ಡೇವಿಸ್ ಮತ್ತು ಕಾಮಿಯೊಕಾಂಡೆಯ ಮಸಾತೋಶಿ ಕೋಶಿಬಾ 2002ರ ನೊಬೆಲ್ ಹಂಚಿಕೊಂಡರು.

ಸೂಪರ್-ಕಾಮಿಯೊಕಾಂಡೆ, ಜಪಾನ್: 50,000 ಟನ್ ಶುದ್ಧ ನೀರು, ಸುತ್ತಲೂ 11,000ಕ್ಕೂ ಹೆಚ್ಚು ಬೆಳಕಿನ ಸಂವೇದಕಗಳು. 1998ರಲ್ಲಿ ಇದು ವಾತಾವರಣದ ನ್ಯೂಟ್ರಿನೊಗಳನ್ನು, ಅಂದರೆ ಕೋಲಾರದಲ್ಲಿ ಸಿಕ್ಕಿದ್ದ ಅದೇ ಬಗೆಯ ಕಣಗಳನ್ನು, ಎಣಿಸಿ ದೊಡ್ಡ ಸಂಗತಿ ಹೇಳಿತು. ಮೇಲಿನಿಂದ ಬರುವುದಕ್ಕೆ ಹೋಲಿಸಿದರೆ, ಭೂಮಿಯನ್ನು ದಾಟಿ ಕೆಳಗಿನಿಂದ ಬರುವ ಮ್ಯೂಯಾನ್ ನ್ಯೂಟ್ರಿನೊಗಳು ಸುಮಾರು ಅರ್ಧದಷ್ಟು ಮಾತ್ರ. ದಾರಿಯಲ್ಲಿ ಅವು ಬಗೆ ಬದಲಿಸಿದ್ದವು!

ಸಡ್ಬರಿ, ಕೆನಡಾ: ನಿಕ್ಕಲ್ ಗಣಿಯಲ್ಲಿ, ಸುಮಾರು 2 ಕಿಲೋಮೀಟರ್ ಆಳದಲ್ಲಿ, 1,000 ಟನ್ ಭಾರಜಲ. 2001 ಮತ್ತು 2002ರಲ್ಲಿ ಇದು ಸೂರ್ಯನ ಒಗಟು ಬಿಡಿಸಿತು. ನ್ಯೂಟ್ರಿನೊಗಳು ಕಾಣೆಯಾಗಿರಲಿಲ್ಲ, ಬೇರೆ ಬಗೆಗೆ ಬದಲಾಗಿದ್ದವು. ಸೂಪರ್-ಕಾಮಿಯೊಕಾಂಡೆಯ ತಕಾಕಿ ಕಾಜಿಟಾ ಮತ್ತು ಸಡ್ಬರಿಯ ಆರ್ಥರ್ ಮ್ಯಾಕ್‌ಡೊನಾಲ್ಡ್‌ಗೆ 2015ರ ನೊಬೆಲ್ ಬಂತು.

ಐಸ್‌ಕ್ಯೂಬ್, ದಕ್ಷಿಣ ಧ್ರುವ: ಒಂದು ಘನ ಕಿಲೋಮೀಟರ್ ಹಿಮವೇ ಇಲ್ಲಿ ಡಿಟೆಕ್ಟರ್. 86 ರಂಧ್ರಗಳಲ್ಲಿ 5,160 ಸಂವೇದಕಗಳನ್ನು ಇಳಿಬಿಡಲಾಗಿದೆ. ದೂರದ ಗ್ಯಾಲಕ್ಸಿಗಳಿಂದ ಬರುವ ಅತಿ ಶಕ್ತಿಯ ನ್ಯೂಟ್ರಿನೊಗಳನ್ನು ಇದು 2013ರಲ್ಲಿ ವರದಿ ಮಾಡಿತು.

ಬಗೆ ಬದಲಾಗುವುದು ಅಷ್ಟು ದೊಡ್ಡ ಸುದ್ದಿ ಏಕೆ? ದ್ರವ್ಯರಾಶಿ ಇದ್ದರೆ ಮಾತ್ರ ನ್ಯೂಟ್ರಿನೊಗಳು ಹೀಗೆ ಬದಲಾಗಲು ಸಾಧ್ಯ. ಆದರೆ ಕಣಭೌತಶಾಸ್ತ್ರದ ಮೂಲ ಸಿದ್ಧಾಂತದಲ್ಲಿ ನ್ಯೂಟ್ರಿನೊಗೆ ದ್ರವ್ಯರಾಶಿಯೇ ಇರಲಿಲ್ಲ. ಅಂದರೆ ಪ್ರಕೃತಿಯ ಬಗ್ಗೆ ನಾವು ಬರೆದಿಟ್ಟುಕೊಂಡ ಪುಸ್ತಕ ಅಪೂರ್ಣ ಎಂದು ಈ ಕಣ ತೋರಿಸಿಕೊಟ್ಟಿತು.

ಭಾರತದ ಐಎನ್‌ಒ ಎಲ್ಲಿಗೆ ಬಂತು?

ಕೋಲಾರದಲ್ಲಿ ಕಳೆದುಕೊಂಡದ್ದನ್ನು ಮರಳಿ ಕಟ್ಟಲು ರೂಪುಗೊಂಡ ಯೋಜನೆಯೇ ಭಾರತ ಮೂಲದ ನ್ಯೂಟ್ರಿನೊ ವೀಕ್ಷಣಾಲಯ (ಐಎನ್‌ಒ). ಇದರ ನೋಡಲ್ ಸಂಸ್ಥೆಯೂ ಟಿಐಎಫ್‌ಆರ್. ಕೋಲಾರದ ಪ್ರಯೋಗಗಳಲ್ಲಿ ದುಡಿದಿದ್ದ ನಬ ಕುಮಾರ್ ಮಂಡಲ್ ಹಲವು ವರ್ಷ ಇದನ್ನು ಮುನ್ನಡೆಸಿದರು.

ಯೋಜನೆಯ ಹೃದಯ 'ಐಕಾಲ್' ಎಂಬ ಡಿಟೆಕ್ಟರ್. ಸುಮಾರು 50,000 ಟನ್ ಕಬ್ಬಿಣದ ಹಲಗೆಗಳನ್ನು ಪದರ ಪದರವಾಗಿ ಜೋಡಿಸಿ ಇಡೀ ರಾಶಿಯನ್ನೇ ವಿದ್ಯುತ್‌ಕಾಂತವಾಗಿಸುವುದು, ಪದರಗಳ ನಡುವೆ ಗಾಜಿನ ಸಂವೇದಕಗಳನ್ನು ಇಡುವುದು. ಕಾಂತಕ್ಷೇತ್ರದಲ್ಲಿ ಮ್ಯೂಯಾನ್ ಯಾವ ಕಡೆ ಬಾಗಿತು ಎಂದು ನೋಡಿ, ಬಂದಿದ್ದು ನ್ಯೂಟ್ರಿನೊವೋ ಪ್ರತಿ-ನ್ಯೂಟ್ರಿನೊವೋ ಎಂದು ಹೇಳಬಹುದು. ಈ ಸಾಮರ್ಥ್ಯ ನೀರಿನ ಡಿಟೆಕ್ಟರ್‌ಗಳಿಗೆ ಇಲ್ಲ. ಮೂರು ನ್ಯೂಟ್ರಿನೊಗಳಲ್ಲಿ ಭಾರದ್ದು ಯಾವುದು, ಹಗುರದ್ದು ಯಾವುದು ಎಂಬ ಕ್ರಮವನ್ನು ಪತ್ತೆ ಮಾಡುವುದು ಗುರಿ.

ಯೋಜನೆಯ ಹಾದಿ ಹೀಗಿದೆ:

• ಮೊದಲು ಆರಿಸಿದ್ದು ನೀಲಗಿರಿಯ ಸಿಂಗಾರ. ಮುದುಮಲೈ ಹುಲಿ ರಕ್ಷಿತಾರಣ್ಯದ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ಕೇಂದ್ರ ಪರಿಸರ ಸಚಿವಾಲಯ 2009ರಲ್ಲಿ ಅನುಮತಿ ನಿರಾಕರಿಸಿತು.

• ನಂತರ ತಮಿಳುನಾಡಿನ ಥೇನಿ ಜಿಲ್ಲೆಯ ಪೊಟ್ಟಿಪುರಂ. ಬೆಟ್ಟದೊಳಗೆ ಸುಮಾರು 2 ಕಿಲೋಮೀಟರ್ ಉದ್ದದ ಸುರಂಗ ಕೊರೆಯುವ ಯೋಜನೆ.

• 2015ರ ಜನವರಿ: ಸುಮಾರು 1,500 ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಪ್ರಕಟ.

• 2017ರ ಮಾರ್ಚ್: ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆಹಿಡಿಯಿತು.

• 2018: ಕೇಂದ್ರದಿಂದ ಮತ್ತೆ ಅನುಮತಿ. ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕು ಎಂದು ನ್ಯಾಯಮಂಡಳಿ ಷರತ್ತು.

• 2022ರ ಫೆಬ್ರವರಿ: ಯೋಜನೆಗೆ ಅವಕಾಶ ಕೊಡುವುದಿಲ್ಲ ಎಂದು ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟ್‌ಗೆ ತಿಳಿಸಿತು.

ಸದ್ಯಕ್ಕೆ ಇರುವುದು ಮಧುರೈನಲ್ಲಿ ಕಟ್ಟಿರುವ 85 ಟನ್‌ನ ಪುಟ್ಟ ಮಾದರಿ 'ಮಿನಿ-ಐಕಾಲ್' ಮಾತ್ರ.

ವಿರೋಧದಲ್ಲಿ ಎರಡು ಬಗೆ ಇವೆ, ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು. 'ಪ್ರಯೋಗಾಲಯದಿಂದ ವಿಕಿರಣ ಹರಡುತ್ತದೆ' ಎಂಬ ಭಯಕ್ಕೆ ಆಧಾರವಿಲ್ಲ. ಐಕಾಲ್ ನ್ಯೂಟ್ರಿನೊ ತಯಾರಿಸುವ ಯಂತ್ರವಲ್ಲ, ಹೇಗಿದ್ದರೂ ಬರುವ ನ್ಯೂಟ್ರಿನೊಗಳನ್ನು ಎಣಿಸುವ ಸಾಧನ. ಆದರೆ ಪಶ್ಚಿಮ ಘಟ್ಟದಲ್ಲಿ ಬಂಡೆ ಸ್ಫೋಟಿಸುವುದು, ಲಕ್ಷಾಂತರ ಟನ್ ಕಲ್ಲು ಸಾಗಿಸುವುದು, ಹುಲಿಗಳು ಓಡಾಡುವ ದಾರಿ, ಪಕ್ಕದ ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ, ಸುತ್ತಲಿನ ರೈತರ ನೀರು - ಇವೆಲ್ಲ ನಿಜವಾದ ಪ್ರಶ್ನೆಗಳು. ನಿಯಂತ್ರಿತ ಸ್ಫೋಟದಿಂದ ಹಾನಿಯಾಗದು ಎಂಬುದು ವಿಜ್ಞಾನಿಗಳ ವಾದ. ಸ್ಥಳೀಯರಿಗೆ, ರಾಜ್ಯ ಸರ್ಕಾರಕ್ಕೆ ಅದು ಒಪ್ಪಿಗೆಯಾಗಿಲ್ಲ.

ಇತ್ತ ಸಮಯ ಕಾಯುತ್ತಿಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, 700 ಮೀಟರ್ ಆಳದಲ್ಲಿ ಕಟ್ಟಿರುವ 20,000 ಟನ್‌ನ 'ಜುನೊ' ಡಿಟೆಕ್ಟರ್ 2025ರ ಆಗಸ್ಟ್‌ನಲ್ಲಿ ದತ್ತಾಂಶ ಸಂಗ್ರಹ ಶುರು ಮಾಡಿತು. ಐಎನ್‌ಒ ಉತ್ತರಿಸಬೇಕೆಂದಿದ್ದ ಪ್ರಶ್ನೆಯೇ ಅದರ ಮುಖ್ಯ ಗುರಿ. ಅಮೆರಿಕದಲ್ಲಿ 'ಡ್ಯೂನ್', ಜಪಾನ್‌ನಲ್ಲಿ 'ಹೈಪರ್-ಕಾಮಿಯೊಕಾಂಡೆ' ನಿರ್ಮಾಣ ನಡೆಯುತ್ತಿದೆ. ಗಮನಿಸಿ, ಡ್ಯೂನ್‌ನ ದೈತ್ಯ ಡಿಟೆಕ್ಟರ್‌ಗಳು ಬರುತ್ತಿರುವುದು ಮುಚ್ಚಿಹೋದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ! ಗಣಿಗಾರಿಕೆ ನಿಂತ ಮೇಲೂ ಅದನ್ನು ಅಮೆರಿಕ ಭೂಗತ ಪ್ರಯೋಗಾಲಯವಾಗಿ ಉಳಿಸಿಕೊಂಡಿತು. ಕೋಲಾರದ ಗಣಿಗೆ ಆ ಭಾಗ್ಯ ಸಿಗಲಿಲ್ಲ.

ಮುಂಬೈಯಲ್ಲೇ ನಡೆಯುತ್ತಿರುವ ನ್ಯೂಟ್ರಿನೊ ಪ್ರಯೋಗ

ದೊಡ್ಡ ಯೋಜನೆ ನಿಂತಿದ್ದರೂ ಸಂಶೋಧನೆ ಪೂರ್ತಿ ನಿಂತಿಲ್ಲ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿರುವ 100 ಮೆಗಾವ್ಯಾಟ್‌ನ 'ಧ್ರುವ' ರಿಯಾಕ್ಟರ್ ಪ್ರತಿ ಕ್ಷಣವೂ ಅಪಾರ ಪ್ರತಿ-ನ್ಯೂಟ್ರಿನೊಗಳನ್ನು ಹೊರಹಾಕುತ್ತದೆ. ಅವನ್ನು ಹಿಡಿಯಲು ರಿಯಾಕ್ಟರ್‌ನಿಂದ ಕೇವಲ 13 ಮೀಟರ್ ದೂರದಲ್ಲಿ 'ಇಸ್ಮ್ರಾನ್' ಎಂಬ ಡಿಟೆಕ್ಟರ್ ರೂಪಿಸಲಾಗಿದೆ. ಇದು 90 ಪ್ಲಾಸ್ಟಿಕ್ ಸಿಂಟಿಲೇಟರ್ ಪಟ್ಟಿಗಳ, ಸುಮಾರು ಒಂದು ಟನ್ ತೂಕದ ಜೋಡಣೆ.

ಪ್ರತಿ-ನ್ಯೂಟ್ರಿನೊ ಪ್ರೋಟಾನ್‌ಗೆ ಬಡಿದರೆ ಪಾಸಿಟ್ರಾನ್ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ತಕ್ಷಣ ಮಿನುಗು ಕೊಡುತ್ತದೆ. ನ್ಯೂಟ್ರಾನನ್ನು ಪಟ್ಟಿಗಳ ಸುತ್ತಲಿರುವ ಗ್ಯಾಡೊಲಿನಿಯಂ ಹೀರಿಕೊಂಡು, ಮೈಕ್ರೊಸೆಕೆಂಡುಗಳ ನಂತರ ಇನ್ನೊಂದು ಮಿನುಗು ಬರುತ್ತದೆ. ಈ ಜೋಡಿ ಮಿನುಗೇ ಗುರುತು. ರೈನ್ಸ್ ಮತ್ತು ಕೋವನ್ 1956ರಲ್ಲಿ ಬಳಸಿದ ಉಪಾಯವೂ ಮೂಲತಃ ಇದೇ.

ಇದರಿಂದ ಏನು ಲಾಭ? ನ್ಯೂಟ್ರಿನೊವನ್ನು ಯಾವ ಗೋಡೆಯೂ ತಡೆಯಲಾರದು. ಹಾಗಾಗಿ ಹೊರಗಿನಿಂದಲೇ ರಿಯಾಕ್ಟರ್ ಓಡುತ್ತಿದೆಯೇ, ಎಷ್ಟು ಶಕ್ತಿಯಲ್ಲಿ ಓಡುತ್ತಿದೆ ಎಂದು ತಿಳಿಯಬಹುದು. ಪರಮಾಣು ಇಂಧನದ ದುರ್ಬಳಕೆ ಮೇಲೆ ಕಣ್ಣಿಡಲು ಇದು ಉಪಯುಕ್ತ.

ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಟ್ರಿನೊ ಅಪಾಯಕಾರಿಯೇ?
ಇಲ್ಲ. ಅವು ಹುಟ್ಟಿನಿಂದಲೂ ನಮ್ಮ ದೇಹದ ಮೂಲಕ ಹಾದುಹೋಗುತ್ತಲೇ ಇವೆ.

ಇದರಿಂದ ಜನಸಾಮಾನ್ಯರಿಗೆ ಏನು ಪ್ರಯೋಜನ?
ನೇರವಾದ ಉತ್ಪನ್ನ ಸದ್ಯಕ್ಕಿಲ್ಲ. ರಿಯಾಕ್ಟರ್ ಮೇಲ್ವಿಚಾರಣೆ, ಭೂಮಿಯ ಒಡಲಿನ ಅಧ್ಯಯನ ಮತ್ತು ಸೂರ್ಯನ ಒಳಗನ್ನು ಅರಿಯುವುದು ಇದರಿಂದ ಸಾಧ್ಯ. ಸೂರ್ಯನ ಕೇಂದ್ರದ ಬೆಳಕು ಹೊರಬರಲು ಸಾವಿರಾರು ವರ್ಷ ಬೇಕು. ಅಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಟೂಕಾಲು ನಿಮಿಷದಲ್ಲಿ ನಮ್ಮನ್ನು ತಲುಪುತ್ತದೆ.

ಐಎನ್‌ಒವನ್ನು ಕೆಜಿಎಫ್‌ನಲ್ಲೇ ಕಟ್ಟಬಹುದಲ್ಲವೇ?
ಗಣಿಯಲ್ಲಿ ನೀರು ತುಂಬಿದೆ. ಅದನ್ನು ಹೊರಹಾಕಿ, ಹಳೆಯ ಸುರಂಗಗಳನ್ನು ಭದ್ರಪಡಿಸುವುದೇ ದೊಡ್ಡ ಕೆಲಸ. 50,000 ಟನ್ ಕಬ್ಬಿಣವನ್ನು ಕಿರಿದಾದ ಲಂಬ ಶಾಫ್ಟ್‌ಗಳ ಮೂಲಕ ಇಳಿಸುವುದೂ ಕಷ್ಟ. ಬೆಟ್ಟದೊಳಗಿನ ಸಮತಟ್ಟಾದ ಸುರಂಗಕ್ಕಾದರೆ ಲಾರಿಯೇ ಒಳಗೆ ಹೋಗಬಹುದು.

ಕೋಲಾರದ ಪ್ರಯೋಗಕ್ಕೆ ನೊಬೆಲ್ ಬಂದಿದೆಯೇ?
ಇಲ್ಲ. ಅಲ್ಲಿ ಸಿಕ್ಕ ನ್ಯೂಟ್ರಿನೊಗಳ ಸಂಖ್ಯೆ ತೀರಾ ಕಡಿಮೆ. ಅವು ಬಗೆ ಬದಲಿಸುತ್ತವೆ ಎಂದು ಸಾಬೀತುಪಡಿಸಲು ಅಷ್ಟು ಸಾಕಾಗುತ್ತಿರಲಿಲ್ಲ. ಅದಕ್ಕೆ ಸಾವಿರಾರು ಘಟನೆಗಳನ್ನು ಎಣಿಸುವ ದೊಡ್ಡ ಡಿಟೆಕ್ಟರ್ ಬೇಕಿತ್ತು. ಅಂಥದ್ದನ್ನು ಮೊದಲು ಕಟ್ಟಿದ್ದು ಜಪಾನ್.

ನ್ಯೂಟ್ರಿನೊಗಳಲ್ಲಿ ಯಾವುದು ಎಷ್ಟು ಭಾರ, ಅದರ ಪ್ರತಿಕಣ ಅದೇ ಆಗಿದೆಯೇ, ವಿಶ್ವದಲ್ಲಿ ಪ್ರತಿವಸ್ತುವಿಗಿಂತ ವಸ್ತುವೇ ಹೆಚ್ಚಾಗಿ ಉಳಿದಿದ್ದು ಏಕೆ ಎಂಬ ಪ್ರಶ್ನೆಗಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮುಂದಿನ ಹತ್ತು, ಹದಿನೈದು ವರ್ಷಗಳಲ್ಲಿ ಕೆಲವಕ್ಕಾದರೂ ಉತ್ತರ ಸಿಗುವ ನಿರೀಕ್ಷೆ ಇದೆ. ಆ ಉತ್ತರ ಹುಡುಕುವವರಲ್ಲಿ ಭಾರತೀಯರೂ ಇರುತ್ತಾರೆ. ಈಗಿನ ಸ್ಥಿತಿಯೇ ಮುಂದುವರಿದರೆ, ಹೆಚ್ಚಿನವರು ಬೇರೆ ದೇಶದ ಡಿಟೆಕ್ಟರ್ ಮುಂದೆ ಕುಳಿತಿರುತ್ತಾರೆ ಅಷ್ಟೇ.